ಕಪ್ಪಗಿರೋದೆಲ್ಲ ರಸ್ಟ್ ಕೋಟಿಂಗ್ ಅಲ್ಲ: ಗಾಡಿ ಅಡಿಗೆ ಯಾವುದು ಹೊಡೆಸಬೇಕು, ಹೊಡೆದಿದ್ದು ಸರಿಯಿದೆಯಾ ಅಂತ ನೋಡೋದು ಹೇಗೆ

ಟಿಂಕರಿಂಗ್ ಮೇಸ್ತ್ರಿ ಸ್ಕ್ರೂಡ್ರೈವರ್ ತಗೊಂಡು ಬಾಗಿಲ ಕೆಳಗಿನ ಪಟ್ಟಿಗೆ ಮೆಲ್ಲಗೆ ಒತ್ತಿದರು. ಗುದ್ದಲಿಲ್ಲ, ಒತ್ತಿದರು ಅಷ್ಟೇ. ಮಂಡಕ್ಕಿ ಚೀಲದೊಳಗೆ ಬೆರಳು ಹೋದ ಹಾಗೆ ಅದು ಸಲೀಸಾಗಿ ಒಳಗೆ ಹೋಯಿತು. ಹೊರಗೆಳೆದಾಗ ತುದಿಯಲ್ಲಿ ಕೆಂಪು ಪುಡಿ. "ಕೋಟಿಂಗ್ ಚೆನ್ನಾಗೇ ಇದೆ ಸಾರ್, ಒಳಗೆ ತಗಡೇ ಇಲ್ಲ" ಅಂದರು.

ಆ ಕೋಟಿಂಗ್, ಅಂದರೆ ತುಕ್ಕು ಹಿಡಿಯದಿರಲಿ ಅಂತ ಗಾಡಿ ಅಡಿಗೆ ಹೊಡೆಯುವ ಕಪ್ಪು ಪದರ, ಹೊಡೆಸಿ ಆಗ 14 ತಿಂಗಳಾಗಿತ್ತು. ಹೊಡೆಸಿದ್ದು ನಾನೇ. ಸೆಕೆಂಡ್ ಹ್ಯಾಂಡ್ ಕಾರು, ಉಡುಪಿ ಕಡೆಯದ್ದು, ಕೆಎ-20 ನಂಬರ್. ಕೊಳ್ಳುವಾಗ ಎಂಜಿನ್ ಸದ್ದು ಕೇಳಿದೆ, ಟೈರ್ ನೋಡಿದೆ, ಏಸಿ ಹಾಕಿಸಿ ನೋಡಿದೆ. ಅಡಿಗೆ ಬಗ್ಗಿ ಮಾತ್ರ ನೋಡಲಿಲ್ಲ. ತಂದ ಮೇಲೆ ಯಾರೋ ಹೇಳಿದರು ಅಂತ ದಾವಣಗೆರೆಯ ಒಂದು ಅಂಗಡಿಯಲ್ಲಿ ಬೆಳಿಗ್ಗೆ ಬಿಟ್ಟು ಮಧ್ಯಾಹ್ನ ಊಟದ ಹೊತ್ತಿಗೆ ವಾಪಸ್ ತಂದೆ. ಅಡಿಯೆಲ್ಲ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಖುಷಿಯಾಗಿ ಇನ್ನೂರು ರೂಪಾಯಿ ಭಕ್ಷೀಸೂ ಕೊಟ್ಟು ಬಂದೆ!

ಈ ಕೆಲಸದ ತೊಂದರೆಯೇ ಇದು. ಕೆಟ್ಟದಾಗಿ ಮಾಡಿದ್ದೂ ಮೊದಲ ದಿನ ಕಪ್ಪು, ಚೆನ್ನಾಗಿ ಮಾಡಿದ್ದೂ ಕಪ್ಪು. ಪೇಂಟ್ ಆದರೆ ಬಿಸಿಲಿಗೆ ಹಿಡಿದು ನೋಡಬಹುದು. ಇಲ್ಲಿ ಕೆಲಸದ ಮುಕ್ಕಾಲು ಪಾಲು ಆ ಕಪ್ಪಿನ ಅಡಿಯಲ್ಲಿ ಮುಚ್ಚಿಹೋಗುತ್ತೆ. ಹಾಗಾಗಿ ಯಾವ ಡಬ್ಬ ಒಳ್ಳೆಯದು ಅನ್ನೋದಕ್ಕಿಂತ ಕಪ್ಪು ಬೀಳುವ ಮೊದಲು ಏನಾಯಿತು ಅನ್ನೋದನ್ನು ನೋಡಬೇಕು. ಆದರೂ ಡಬ್ಬದ ವಿಷಯವನ್ನೂ ಹೇಳುತ್ತೇನೆ, ಯಾಕಂದರೆ ಎಲ್ಲರೂ ಮೊದಲು ಕೇಳೋದು ಅದನ್ನೇ.

ನಮ್ಮ ದಾವಣಗೆರೆ ಕಡೆ ಇದು ಬೇಕಾ?

ಎಲ್ಲರಿಗೂ ಬೇಡ. ತುಕ್ಕಿಗೆ ಬೇಕಾಗಿರೋದು ನೀರು ಮತ್ತು ಗಾಳಿ. ಉಪ್ಪು ಸೇರಿದರೆ ಓಟ ಜೋರು. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೀರಿ ಮಳೆ. ದಾವಣಗೆರೆಯಲ್ಲಿ ಹೆಚ್ಚುಕಮ್ಮಿ ಅದರ ಹತ್ತನೇ ಒಂದು ಪಾಲು. ಚಳ್ಳಕೆರೆ, ಹಿರಿಯೂರು ಕಡೆ ಅದಕ್ಕಿಂತಲೂ ಕಮ್ಮಿ. ಸಮುದ್ರದ ಗಾಳಿ ಇಲ್ಲಿಗೆ ಬರೋದಿಲ್ಲ. ಹೊಸ ಕಾರು ತಗೊಂಡು ಮನೆ, ಆಫೀಸು, ತಿಂಗಳಿಗೊಮ್ಮೆ ಬೆಂಗಳೂರು ಅಂತ ಓಡಿಸುವವರು ಶೋರೂಮಿನಲ್ಲಿ ಹೇಳಿದರು ಅಂತ ಸುಮ್ನೆ ದುಡ್ಡು ಸುರಿಯಬೇಕಾಗಿಲ್ಲ. ಕಾರ್ಖಾನೆಯಲ್ಲೇ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ, ಕರೆಂಟ್ ಹರಿಸಿ ಸಂದುಗೊಂದಿಗೂ ಬಣ್ಣ ಕೂರಿಸಿರುತ್ತಾರೆ. ಜೋಡಣೆಗಳಿಗೆ ಸೀಲೆಂಟ್ ಬಳಿದಿರುತ್ತಾರೆ.

ಬೇಕಾಗೋದು ಬೇರೆಯವರಿಗೆ. ಕರಾವಳಿ ನಂಬರಿನ ಹಳೇ ಗಾಡಿ ಕೊಂಡವರು: ಕೆಎ-19, ಕೆಎ-20, ಕೆಎ-30, ಕೆಎ-47 ಅಂತ ಕಂಡರೆ ರೇಟು ಮಾತಾಡುವ ಮೊದಲು ನೆಲಕ್ಕೆ ಗೋಣಿಚೀಲ ಹಾಸಿ ಮಲಗಿ ನೋಡಿ. ಮಲೇಬೆನ್ನೂರು, ಹರಿಹರದ ಕಡೆ ಭದ್ರಾ ನಾಲೆಯ ಗದ್ದೆಗಳಲ್ಲಿ ಓಡಾಡುವವರು: ಆ ಕೆಸರು ಮಡ್‌ಗಾರ್ಡ್ ಒಳಗೆ ಮೆತ್ತಿಕೊಂಡರೆ ವಾರಗಟ್ಟಲೆ ಒಳಗೊಳಗೇ ಹಸಿಯಾಗಿರುತ್ತೆ. ಮೇಲೆ ಒಣಗಿದ ಹಾಗೆ ಕಾಣುತ್ತೆ, ಉಗುರಲ್ಲಿ ಕೆರೆದರೆ ತಣ್ಣಗೆ.

ಮೂರನೆಯವರು ಗೊಬ್ಬರ ಸಾಗಿಸುವವರು. ನಮ್ಮ ಮಾವನ ಪಿಕಪ್ಪಿನ ತೊಟ್ಟಿಯಲ್ಲಿ ನಾನು ನೋಡಿದಷ್ಟು ತುಕ್ಕು ಮಂಗಳೂರಿನ ಗಾಡಿಯಲ್ಲೂ ನೋಡಿಲ್ಲ. ಪೊಟ್ಯಾಷ್ ಗೊಬ್ಬರದ ರಾಸಾಯನಿಕ ಹೆಸರು ಪೊಟ್ಯಾಸಿಯಂ ಕ್ಲೋರೈಡ್. ಅಡುಗೆ ಉಪ್ಪಿನ ದಾಯಾದಿ ಅದು. ಹರಿದ ಚೀಲದಿಂದ ನಾಲ್ಕು ಹಿಡಿ ಚೆಲ್ಲಿ, ಮೇಲೆ ಒಂದು ಮಳೆ ಬಿದ್ದರೆ ಕಡಲ ತೀರ ನಿಮ್ಮ ತೊಟ್ಟಿಯಲ್ಲೇ ಇರುತ್ತೆ. ಮಂಡಕ್ಕಿ ಭಟ್ಟಿಗಳಿಗೆ ಉಪ್ಪಿನ ಮೂಟೆ ಹೊಡೆಯುವವರಿಗೂ ಇದೇ ಮಾತು.

ಚಿತ್ರದುರ್ಗದ ಕಡೆ, ಅದರಲ್ಲೂ ಹೊಳಲ್ಕೆರೆ, ಹೊಸದುರ್ಗದ ಗಣಿ ರಸ್ತೆಗಳಲ್ಲಿ ಓಡುವವರಿಗೆ ನೀರಿಗಿಂತ ಕಲ್ಲಿನ ಕಾಟ ಜಾಸ್ತಿ. ಜಲ್ಲಿ ಸಿಡಿದು ಅಡಿಯ ಬಣ್ಣ ಚಕ್ಕೆಚಕ್ಕೆ ಹಾರಿಹೋಗುತ್ತೆ. ಅವರಿಗೆ ಬೇಕಾದ್ದೇ ಬೇರೆ ಮಾಲು.

ಮಾಲು ಮಾಲಿಗೂ ವ್ಯತ್ಯಾಸ

ಇಲ್ಲಿ ಜಾಸ್ತಿ ಸಿಗೋದು ಡಾಂಬರು ಅಥವಾ ರಬ್ಬರ್ ಜಾತಿಯದ್ದು. ಗನ್ನಿನಲ್ಲಿ ಹೊಡೆಯುತ್ತಾರೆ, ಒಣಗಿ ದಪ್ಪ ತೊಗಟೆಯ ಹಾಗೆ ಕೂರುತ್ತೆ. ಕಲ್ಲು ಬಡಿತಕ್ಕೆ ಒಳ್ಳೆಯದು, ರಸ್ತೆ ಸದ್ದನ್ನೂ ಸ್ವಲ್ಪ ತಗ್ಗಿಸುತ್ತೆ, ಕೈಗೆ ಅಂಟೋದಿಲ್ಲ. ಹೊಸ ಗಾಡಿಯ ಶುದ್ಧ ತಗಡಿನ ಮೇಲೆ ಇದನ್ನು ಹೊಡೆಸಿದರೆ ನನ್ನ ತಕರಾರಿಲ್ಲ. ಆದರೆ ತುಕ್ಕು ಶುರುವಾದ ತಗಡಿನ ಮೇಲೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಒಂದು ಕಡೆ ಬಿರುಕು ಬಿಟ್ಟರೆ ನೀರು ಒಳಗೆ ನುಸುಳುತ್ತೆ, ಆಮೇಲೆ ಹೊರಗೆ ಬರೋದಿಲ್ಲ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ಹಿಡಿಯುವ ವಸ್ತು. ಒಳಗಿಂದ ಉಬ್ಬಿಕೊಂಡು ಕೋಟಿಂಗನ್ನೇ ಎತ್ತುತ್ತೆ. ಒಂದು ದಿನ ಗಾಯದ ಹಕ್ಕಳೆ ಎದ್ದ ಹಾಗೆ ಅಂಗೈ ಅಗಲದ ಹಾಳೆ ಕಿತ್ತು ಬರುತ್ತೆ. ನನ್ನ ಕಾರಿನಲ್ಲಿ ಆಗಿದ್ದು ಇದೇ.

ಎರಡನೆಯದು ಮೇಣದ ಜಾತಿ. ತೆಳ್ಳಗೆ ಕೂರುತ್ತೆ, ಪೂರ್ತಿ ಗಟ್ಟಿಯಾಗೋದಿಲ್ಲ. ಅದೇ ಅದರ ಗುಣ. ಸಂದಿನೊಳಗೆ ಹರಿದು ಹೋಗುತ್ತೆ, ಸಣ್ಣ ಗೀರು ಬಿದ್ದರೆ ತಾನೇ ಸ್ವಲ್ಪ ಮುಚ್ಚಿಕೊಳ್ಳುತ್ತೆ. ಬಾಗಿಲ ಒಳಗೆ, ರನ್ನಿಂಗ್ ಬೋರ್ಡ್ (ಬಾಗಿಲ ಕೆಳಗಿನ ಪಟ್ಟಿ) ಒಳಗೆ, ಚಾಸಿ ಪೆಟ್ಟಿಗೆಯ ಒಳಗೆ ಹೊಡೆಯೋಕೆ ಇದೇ ಸರಿ. ಆದರೆ ಚಕ್ರದ ಕಮಾನಿನಲ್ಲಿ ಇದು ನಿಲ್ಲೋದಿಲ್ಲ, ಮರಳು ಜಲ್ಲಿ ಉಜ್ಜಿ ಹೋಗುತ್ತೆ. ವಾಟರ್ ಸರ್ವೀಸಿನಲ್ಲಿ ಹುಡುಗರು ನಳಿಗೆಯನ್ನು ಹತ್ತಿರ ಹಿಡಿದು ಹೊಡೆದರೂ ಹೋಗುತ್ತೆ. ಎರಡು ಮೂರು ವರ್ಷಕ್ಕೊಮ್ಮೆ ನೋಡಿ ಮತ್ತೆ ಹೊಡೆಸಬೇಕು. ನಮ್ಮ ಏಪ್ರಿಲ್ ಬಿಸಿಲಿಗೆ, ನಿಂತ ಗಾಡಿಯ ಅಡಿಯಲ್ಲಿ ಒಂದೆರಡು ಹನಿ ಕಂಡರೆ ಗಾಬರಿ ಬೇಡ. ಕೆರೆ ಹರಿದ ಹಾಗೆ ಸುರಿದರೆ ಮಾತ್ರ ಅಂಗಡಿಗೆ ಹೋಗಿ ಕೇಳಿ.

ಮೂರನೆಯದು ಎಣ್ಣೆಯ ಜಾತಿ. ಇದರಲ್ಲಿ ಒಳ್ಳೆಯದು ಲ್ಯಾನೊಲಿನ್, ಅಂದರೆ ಕುರಿ ತುಪ್ಪಟದ ಜಿಡ್ಡು. ಚಳ್ಳಕೆರೆಯ ಕಂಬಳಿ ನೇಯುವವರ ಮನೆಯಲ್ಲಿ ಆಗತಾನೆ ಕತ್ತರಿಸಿದ ಉಣ್ಣೆ ಹಿಡಿದು ನೋಡಿದ್ದರೆ ಗೊತ್ತಿರುತ್ತೆ, ಕೈ ಜಿಡ್ಡು ಜಿಡ್ಡಾಗುತ್ತೆ. ಕುರಿಯನ್ನು ಮಳೆಯಲ್ಲಿ ನೆನೆಯದ ಹಾಗೆ ಕಾಯುವ ಆ ಜಿಡ್ಡನ್ನೇ ಶುದ್ಧಮಾಡಿ ಡಬ್ಬಕ್ಕೆ ತುಂಬುತ್ತಾರೆ. ಈಗಾಗಲೇ ತುಕ್ಕಿರುವ ಹಳೇ ಗಾಡಿಗೆ ಇದು ಉತ್ತಮ, ಯಾಕಂದರೆ ತುಕ್ಕಿನ ಪದರದೊಳಗೂ ಇಳಿಯುತ್ತೆ, ಏನನ್ನೂ ಮುಚ್ಚಿಡೋದಿಲ್ಲ. ತೊಂದರೆ ಏನಂದರೆ ಪ್ರತಿ ವರ್ಷ ಹೊಡೆಸಬೇಕು, ಧೂಳು ಮೆತ್ತಿಕೊಳ್ಳುತ್ತೆ, ಮುಂದೆ ಅಡಿಯಲ್ಲಿ ಕೆಲಸ ಮಾಡುವ ಮೆಕ್ಯಾನಿಕ್ ನಿಮ್ಮನ್ನು ಮನಸ್ಸಿನಲ್ಲೇ ಬೈಯುತ್ತಾನೆ.

ಎಣ್ಣೆ ಅಂದ ಕೂಡಲೇ ನಮ್ಮಲ್ಲಿ ಎಲ್ಲರಿಗೂ ನೆನಪಾಗೋದು ಸುಟ್ಟ ಎಂಜಿನ್ ಆಯಿಲ್. ಲಾರಿ, ಟ್ರ್ಯಾಕ್ಟರ್ ಟ್ರೇಲರ್‌ಗಳಿಗೆ ಬಳಿಯೋದು ಹಳೇ ಪದ್ಧತಿ. ನೇಗಿಲಿಗೆ, ಕುಂಟೆಗೆ ಬಳಿದರೆ ನಾನೇನೂ ಅನ್ನಲ್ಲ. ಕಾರಿಗೆ ಬೇಡ. ಅದರಲ್ಲಿ ಆಮ್ಲದ ಅಂಶ ಸೇರಿರುತ್ತೆ, ರಬ್ಬರ್ ಬುಷ್‌ಗಳು ಉಬ್ಬಿ ಮೆತ್ತಗಾಗುತ್ತವೆ, ಬ್ರೇಕಿಗೆ ತಾಗಿದರೆ ಕತೆ ಮುಗಿಯಿತು. ಬರಿಗೈಯಲ್ಲಿ ಮುಟ್ಟೋದು ಆರೋಗ್ಯಕ್ಕೂ ಕೆಟ್ಟದ್ದು. ಮೊದಲ ಮಳೆಗೆ ಅರ್ಧ ತೊಳೆದು ಅಂಗಳಕ್ಕೋ ನಾಲೆಗೋ ಹೋಗುತ್ತೆ.

ಟೆಫ್ಲಾನ್, ಸೆರಾಮಿಕ್ ಅಂತ ಹೇಳೋದೆಲ್ಲ ಮೇಲಿನ ಪೇಂಟಿನ ಹೊಳಪಿಗೆ. ಅಡಿಯ ತುಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಬಿಲ್ಲಿನಲ್ಲಿ ಎರಡನ್ನೂ ಒಂದೇ ಪ್ಯಾಕೇಜು ಅಂತ ಬರೆದಿದ್ದರೆ ಬಿಡಿಸಿ ರೇಟು ಕೇಳಿ. ಕರೆಂಟ್ ಹರಿಸಿ ತುಕ್ಕು ತಡೆಯುತ್ತೆ ಅಂತ ಮಾರುವ, ಬ್ಯಾಟರಿಗೆ ಸಿಕ್ಕಿಸುವ ಎಲೆಕ್ಟ್ರಾನಿಕ್ ಡಬ್ಬಿಯಂತೂ ಬೇಡವೇ ಬೇಡ. ಆ ಉಪಾಯ ನಡೆಯೋದು ಹಡಗಿಗೆ, ಮಣ್ಣಲ್ಲಿ ಹೂತ ಪೈಪಿಗೆ. ಅವು ಸದಾ ನೀರಲ್ಲೋ ಹಸಿ ಮಣ್ಣಲ್ಲೋ ಇರುತ್ತವೆ, ಕರೆಂಟ್ ಹರಿಯೋಕೆ ದಾರಿ ಇರುತ್ತೆ. ಗಾಳಿಯಲ್ಲಿ ನಿಂತ ಕಾರಿಗೆ ಆ ದಾರಿ ಎಲ್ಲಿದೆ?

ನನ್ನನ್ನು ಕೇಳಿದರೆ ಒಂದೇ ಮಾಲನ್ನು ಇಡೀ ಗಾಡಿಗೆ ಹೊಡೆಸೋದೇ ತಪ್ಪು. ಚಕ್ರದ ಕಮಾನಿಗೆ ರಬ್ಬರ್, ಪೆಟ್ಟಿಗೆಯಂಥ ಜಾಗದ ಒಳಗೆ ಮೇಣ. ತುಕ್ಕು ಹಿಡಿದ ಹಳೇ ಚಾಸಿಗೆ ಎಣ್ಣೆ.

ಶೋರೂಮು, ಸ್ಟುಡಿಯೋ, ಶೆಡ್ಡು

ಎರಡನೇ ಸಲ ಹೊಡೆಸುವ ಮೊದಲು ಮೂರೂ ಕಡೆ ಹೋಗಿ ಕೇಳಿದೆ. ಶೋರೂಮಿನಲ್ಲಿ 6500 ಅಂದರು, ಡೀಟೇಲಿಂಗ್ ಸ್ಟುಡಿಯೋದಲ್ಲಿ (ಗಾಡಿಗೆ ಪಾಲಿಶ್, ಕೋಟಿಂಗ್ ಮಾಡುವ ಅಂಗಡಿ) 9000, ಶೆಡ್ಡಿನಲ್ಲಿ 2800. ರೇಟಿಗೂ ಕೆಲಸಕ್ಕೂ ನೇರ ಸಂಬಂಧ ನನಗೆ ಕಾಣಲಿಲ್ಲ. ಶೋರೂಮಿನಲ್ಲಿ ಲಿಫ್ಟ್ ಇರುತ್ತೆ, ಬಿಲ್ಲು ಕೊಡುತ್ತಾರೆ, ನಾಳೆ ಜಗಳಕ್ಕೆ ಹೋಗೋಕೆ ಒಂದು ವಿಳಾಸ ಇರುತ್ತೆ. ಆದರೆ ಡೆಲಿವರಿ ದಿನ ಹತ್ತು ಗಾಡಿ ಸಾಲಾಗಿ ನಿಂತಿದ್ದರೆ ಒಂದೊಂದಕ್ಕೆ ಎಷ್ಟು ಹೊತ್ತು ಸಿಗುತ್ತೆ ಅಂತ ನೀವೇ ಲೆಕ್ಕ ಹಾಕಿ. ಸ್ಟುಡಿಯೋದವರು ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ಲೈನರ್ ತೆಗೆದು ಮಾಡುತ್ತಾರೆ, ಫೋಟೋನೂ ಕಳಿಸುತ್ತಾರೆ. ಶೆಡ್ಡಿನಲ್ಲಿ ಎಲ್ಲ ಮೇಸ್ತ್ರಿಯ ಮೇಲೆ. ಒಬ್ಬರು ಚಿನ್ನದಂಥ ಕೆಲಸ ಮಾಡುತ್ತಾರೆ, ಪಕ್ಕದವರು ಟೈರಿಗೂ ಸೇರಿಸಿ ಕಪ್ಪು ಹೊಡೆಯುತ್ತಾರೆ.

ಗ್ಯಾರಂಟಿ ಕಾರ್ಡು ನೋಡಿ ಮಾರುಹೋಗಬೇಡಿ. "5 ವರ್ಷ" ಅಂತ ದೊಡ್ಡದಾಗಿ ಬರೆದಿದ್ದರೆ ಕೆಳಗಿನ ಸಣ್ಣ ಅಕ್ಷರ ಓದಿ. ಗ್ಯಾರಂಟಿ ಇರೋದು ಕೋಟಿಂಗ್ ಕಿತ್ತು ಬಂದರೋ, ತಗಡು ತೂತಾದರೋ? ವರ್ಷಕ್ಕೊಮ್ಮೆ ದುಡ್ಡು ಕೊಟ್ಟು ಚೆಕ್ ಮಾಡಿಸಬೇಕು ಅಂತ ಷರತ್ತಿದೆಯಾ? ಒಂದು ಸಲ ತಪ್ಪಿಸಿದರೆ ಕಾರ್ಡು ರದ್ದಿಗೆ ಹಾಕೋ ಹಾಗಾಗುತ್ತೋ?

ನಾನು ಮೂರೂ ಕಡೆ ಎರಡೇ ಪ್ರಶ್ನೆ ಕೇಳಿದೆ. ಒಂದು, "ತೊಳೆದ ಮೇಲೆ ಎಷ್ಟು ಹೊತ್ತು ಒಣಗಿಸುತ್ತೀರಿ?" ಒಂದು ಕಡೆ "ಏರ್ ಹೊಡೀತೀವಿ ಸಾರ್, ಹತ್ತು ನಿಮಿಷ" ಅಂದರು. ಇನ್ನೊಂದು ಕಡೆ ಮೇಸ್ತ್ರಿ ನನ್ನ ಮುಖ ನೋಡಿ, "ಇವತ್ತು ತೊಳೆದರೆ ನಾಳೆ ಮಧ್ಯಾಹ್ನ ಹೊಡೀತೀನಿ. ಅರ್ಜೆಂಟ್ ಇದ್ರೆ ಬೇರೆ ಕಡೆ ಹೋಗ್ರಿ" ಅಂದರು. ಎರಡನೇ ಪ್ರಶ್ನೆ, "ಯಾವ ಯಾವ ಜಾಗಕ್ಕೆ ಹೊಡೆಯಲ್ಲ?" ಈ ಪ್ರಶ್ನೆಗೆ ಕೆಲಸ ಬಾರದವರು ತಡವರಿಸುತ್ತಾರೆ. "ಎಲ್ಲಾ ಕಡೆ ಹೊಡೀತೀವಿ ಸಾರ್, ಒಂದಿಂಚೂ ಬಿಡಲ್ಲ" ಅಂತ ಹೆಮ್ಮೆಯಿಂದ ಹೇಳುತ್ತಾರೆ. ಕೆಲಸ ಬಲ್ಲವರು ಬೆರಳು ಮಡಚಿ ಎಣಿಸುತ್ತಾರೆ: ಸೈಲೆನ್ಸರ್, ಬ್ರೇಕ್ ಡಿಸ್ಕು, ಕ್ಯಾಲಿಪರ್, ಆಕ್ಸಲ್ಲಿನ ರಬ್ಬರ್ ಬೂಟು, ಶಾಕ್ ಅಬ್ಸಾರ್ಬರಿನ ರಾಡು, ಹ್ಯಾಂಡ್‌ಬ್ರೇಕ್ ಕೇಬಲ್ಲು, ಸೆನ್ಸರ್ ವೈರು, ನೀರು ಹೋಗುವ ತೂತುಗಳು. ಗಾಡಿ ಬಿಟ್ಟಿದ್ದು ಆ ಮುಖ ನೋಡಿದ ಮೇಸ್ತ್ರಿ ಹತ್ತಿರವೇ. ಶೆಡ್ಡಿನವರು ಅವರು.

ಕಪ್ಪು ಬೀಳುವ ಮೊದಲು

ಸಾಧ್ಯವಾದರೆ ತೊಳೆದು ಒಣಗಿಸಿದ ಮೇಲೆ, ಹೊಡೆಯುವ ಮೊದಲು ಒಂದು ಸಲ ಹೋಗಿ ಬನ್ನಿ. ಎಲ್ಲಾ ಪರೀಕ್ಷೆಗಿಂತ ಇದು ದೊಡ್ಡದು. ಹೋಗೋಕೆ ಆಗದಿದ್ದರೆ ವಿಡಿಯೋ ಕಳಿಸೋಕೆ ಹೇಳಿ, ನಂಬರ್ ಪ್ಲೇಟ್ ಕಾಣುವ ಹಾಗೆ. ಲಿಫ್ಟ್ ಅಥವಾ ಗುಂಡಿ ಇಲ್ಲದ ಕಡೆ ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ತಲೆ ಹಾಕಬೇಡಿ, ಮೊಬೈಲನ್ನು ಮಾತ್ರ ಕಳಿಸಿ.

ಬೆರಳಿಗೆ ಬಿಳಿ ಬಟ್ಟೆ ಸುತ್ತಿ ತಗಡಿನ ಮಡಿಕೆಯೊಳಗೆ ಎಳೆದು ನೋಡಿ. ಕೆಸರು ಬಂದರೆ ಇನ್ನೂ ತೊಳೆದಿಲ್ಲ, ತೇವ ಬಂದರೆ ಇನ್ನೂ ಒಣಗಿಲ್ಲ. ಹಿಂದಿನ ಚಕ್ರದ ಕಮಾನು ಬಂಪರ್ ಸೇರುವ ಮೂಲೆ, ಡಿಕ್ಕಿಯಲ್ಲಿ ಸ್ಟೆಪ್ನಿ ಕೂರುವ ಗುಂಡಿಯ ಅಡಿ, ರನ್ನಿಂಗ್ ಬೋರ್ಡಿನ ಎರಡು ತಗಡು ಸೇರಿಸಿ ವೆಲ್ಡ್ ಮಾಡಿದ ಅಂಚು, ಈ ಮೂರು ಕಡೆ ನೋಡಿದರೆ ಸಾಕು. ಮೊದಲು ಹಾಳಾಗೋದು ಇವೇ, ಮೊದಲು ಮರೆಯೋದೂ ಇವನ್ನೇ.

ತುಕ್ಕಿದ್ದ ಜಾಗ ಈಗ ಹೇಗಿದೆ ಅಂತ ನೋಡಿ. ವೈರ್ ಬ್ರಷ್ಷಿನಿಂದ ಉಜ್ಜಿದ್ದರೆ ತಗಡು ಬೂದು ಬಣ್ಣಕ್ಕೆ ತಿರುಗಿ ಗೀರುಗೀರಾಗಿರುತ್ತೆ. ಮೇಲೆ ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿ ಮಾರ್ಪಡಿಸುವ ದ್ರಾವಣ) ಬಳಿದಿದ್ದರೆ ಕಂದು ಬಣ್ಣ ಹೋಗಿ ನೀಲಿಗಪ್ಪು ಆಗಿರುತ್ತೆ. ಚನ್ನಗಿರಿ ಕಡೆಯವರಿಗೆ ಇದು ಹೊಸದಲ್ಲ. ಅಡಿಕೆ ಸುಲಿಯುವ ಕತ್ತಿ ಕಪ್ಪಾಗುತ್ತಲ್ಲ, ಚೊಗರು ಕಬ್ಬಿಣಕ್ಕೆ ತಾಗಿದರೆ ಕರೀ ಕಲೆ ಬೀಳುತ್ತಲ್ಲ, ಅಲ್ಲಿರುವ ಟ್ಯಾನಿನ್ನೇ ಎಷ್ಟೋ ಕನ್ವರ್ಟರುಗಳಲ್ಲೂ ಇರೋದು. ಬೇರೆ ಕೆಲವದರಲ್ಲಿ ಫಾಸ್ಫಾರಿಕ್ ಆಮ್ಲ. ಏನೇ ಇದ್ದರೂ ಉದುರುವ ತುಕ್ಕನ್ನು ಮೊದಲು ಕೆರೆದು ತೆಗೆಯಲೇಬೇಕು. ಹುಡಿಯ ಮೇಲೆ ಬಳಿದರೆ ಹುಡಿಯ ಜೊತೆಗೇ ಉದುರುತ್ತೆ.

ಇದೇ ಹೊತ್ತಲ್ಲಿ ಸ್ಕ್ರೂಡ್ರೈವರಿನ ಹಿಡಿಯಿಂದ ರನ್ನಿಂಗ್ ಬೋರ್ಡ್ ಉದ್ದಕ್ಕೂ ತಟ್ಟುತ್ತಾ ಹೋಗಿ. ಟಣ್ ಟಣ್ ಅಂತಿದ್ದ ಸದ್ದು ಒಂದು ಕಡೆ ದಬ್ ಅಂದರೆ ಅಲ್ಲೇನೋ ಇದೆ. ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟನ್ನು ಬಟ್ಟೆಯಲ್ಲಿ ಸುತ್ತಿ ಅಲ್ಲಿಡಿ. ಹಿಡಿಯದಿದ್ದರೆ ತಗಡಿನ ಬದಲು ಪುಟ್ಟಿ ತುಂಬಿದ್ದಾರೆ ಅಂತ ಅರ್ಥ. ಇಂಥ ಜಾಗಕ್ಕೆ ಯಾವ ಕೋಟಿಂಗೂ ಔಷಧಿಯಲ್ಲ, ವೆಲ್ಡಿಂಗೇ ಗತಿ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೂ ಇದನ್ನು ಮಾಡಿ. ಹೊಸದಾಗಿ ಕಪ್ಪು ಹೊಡೆದ ಹಳೇ ಗಾಡಿ ಕಂಡರೆ ಎರಡು ಸಲ ಮಾಡಿ.

ಪೊರಕೆ ಕಡ್ಡಿ ಮತ್ತು ಒಂದು ಚೊಂಬು ನೀರು

ಕೆಲಸ ಮುಗಿದ ಮೇಲೆ ಗಾಡಿ ತಗೊಳ್ಳುವಾಗ ನಾನು ಮಾಡಿದ್ದು ನೋಡಿ ಶೆಡ್ಡಿನ ಹುಡುಗರು ನಕ್ಕರು. ನಕ್ಕರೆ ನಗಲಿ.

ಪ್ರತಿ ಬಾಗಿಲಿನ ಕೆಳ ಅಂಚಿನಲ್ಲಿ ಎರಡೋ ಮೂರೋ ಸಣ್ಣ ತೂತುಗಳಿರುತ್ತವೆ. ಮಳೆ ಬಂದಾಗ ಗ್ಲಾಸಿನ ಸಂದಿಯಿಂದ ನೀರು ಬಾಗಿಲೊಳಗೆ ಇಳಿಯೋದು ಸಹಜ. ಅದು ಹೊರಗೆ ಹೋಗೋಕೆ ಅಂತಲೇ ಆ ತೂತು. ರನ್ನಿಂಗ್ ಬೋರ್ಡಿನ ಅಡಿಯಲ್ಲೂ ಇರುತ್ತವೆ. ಕೋಟಿಂಗ್ ಹೊಡೆಯುವವರು ಇವನ್ನು ಮುಚ್ಚಿಬಿಟ್ಟರೆ ಬಾಗಿಲು ಕೊಡ ಆಗುತ್ತೆ. ನೀರು ಒಳಗೇ ನಿಂತು, ಹೊರಗೆ ಕಪ್ಪು ಮಿಂಚುತ್ತಿರುವಾಗಲೇ ಒಳಗಿಂದ ತಿನ್ನುತ್ತಾ ಬರುತ್ತೆ. ಮೊದಲ ಅಂಗಡಿಯವರು ನನ್ನ ಕಾರಿನ ಎಡಗಡೆಯ ತೂತುಗಳನ್ನೆಲ್ಲ ಹೀಗೇ ಮುಚ್ಚಿದ್ದರು. ಸ್ಕ್ರೂಡ್ರೈವರ್ ಒಳಗೆ ಹೋಗಿದ್ದೂ ಎಡಗಡೆಯೇ.

ಹಾಗಾಗಿ ತೆಂಗಿನ ಪೊರಕೆಯ ಒಂದು ಕಡ್ಡಿ ತಗೊಳ್ಳಿ. ಒಂದೊಂದು ತೂತಿಗೂ ಹಾಕಿ. ಸಲೀಸಾಗಿ ಒಳಗೆ ಹೋದರೆ ಸರಿ. ತಂತಿ ಬೇಡ, ಒಳಗಿನ ಬಣ್ಣ ಗೀರುತ್ತೆ. ಆಮೇಲೆ ಗ್ಲಾಸ್ ಏರಿಸಿ, ಗ್ಲಾಸಿನ ಹೊರಬದಿಗೆ ಒಂದು ಚೊಂಬು ನೀರನ್ನು ನಿಧಾನವಾಗಿ ಸುರಿಯಿರಿ. ಸ್ವಲ್ಪ ಹೊತ್ತಿಗೆ ಬಾಗಿಲಿನ ಕೆಳಗಿಂದ ತೊಟ್ಟಿಕ್ಕಬೇಕು. ನಾನು ಮಾಡಿದಾಗ ಮೂರು ಬಾಗಿಲಲ್ಲಿ ತಕ್ಷಣ ಬಂತು, ಹಿಂದಿನ ಬಲ ಬಾಗಿಲಲ್ಲಿ ಬರಲಿಲ್ಲ. ಮೇಸ್ತ್ರಿ ಏನೂ ಮಾತಾಡದೆ ನನ್ನ ಕೈಯಿಂದ ಕಡ್ಡಿ ಇಸಕೊಂಡು ತಾವೇ ಚುಚ್ಚಿದರು. ಕಪ್ಪು ಮುದ್ದೆಯೊಂದು ಉದುರಿ ನೀರು ಸುರ್ ಅಂತ ಬಂತು. ಅದಾದ ಮೇಲೆ ಹುಡುಗರು ನಗಲಿಲ್ಲ.

ಮುಂದಿನದು ರಬ್ಬರ್ ಬಿರಡೆ. ರನ್ನಿಂಗ್ ಬೋರ್ಡಿನಲ್ಲಿ, ಬಾಗಿಲ ಕಂಬದಲ್ಲಿ ಸಣ್ಣ ದುಂಡು ಬಿರಡೆಗಳಿರುತ್ತವೆ. ಒಂದನ್ನು ತೆಗೆದು ಕಿರುಬೆರಳು ತೂರಿಸಿ ಒಳಗೋಡೆ ಸವರಿ. ಒಳಗೂ ಮೇಣ ಹೊಡೆದಿದ್ದರೆ ಬೆರಳು ಜಿಡ್ಡಾಗುತ್ತೆ. ಬರೀ ಧೂಳು ಬಂದರೆ ಒಳಗೆ ಹೊಡೆದಿಲ್ಲ, ಹೊರಗೆ ಮಾತ್ರ ಅಲಂಕಾರ. ಒಳಗಿನ ಕೆಲಸಕ್ಕೂ ದುಡ್ಡು ತಗೊಂಡಿದ್ದರೆ ಅಲ್ಲೇ ನಿಂತು ಕೇಳಿ. ಮೊಬೈಲಿಗೆ ಸಿಕ್ಕಿಸುವ ಉದ್ದ ವೈರಿನ ಕ್ಯಾಮೆರಾ ಸಿಗುತ್ತೆ, ಅದಿದ್ದರೆ ಇನ್ನೂ ಒಳ್ಳೆಯದು. ಬೆರಳೂ ಸಾಕು.

ಹೊರಗಿನ ಕೋಟಿಂಗನ್ನು ಉಗುರಿನಿಂದ ಅಂಚಿನಲ್ಲಿ ಎಬ್ಬಿಸೋಕೆ ನೋಡಿ. ಪೂರ್ತಿ ಒಣಗಿದ ರಬ್ಬರ್ ಕೋಟಿಂಗ್ ಉಗುರಿಗೆ ಸ್ವಲ್ಪ ಬಗ್ಗಬಹುದು, ಹಾಳೆಯಾಗಿ ಏಳಬಾರದು. ಎದ್ದರೆ ಅಡಿಯಲ್ಲಿ ಎಣ್ಣೆಯೋ ತೇವವೋ ಇತ್ತು ಅಂತ ಅರ್ಥ. ದಪ್ಪ ಒಂದೇ ಸಮ ಇದೆಯಾ ಅಂತ ನೋಡೋಕೆ ಅದೇ ಮ್ಯಾಗ್ನೆಟ್. ಎಲ್ಲಾ ಕಡೆ ಒಂದೇ ರೀತಿ ಮೆಲ್ಲಗೆ ಹಿಡಿಯಬೇಕು. ಎದುರಿಗೆ ಕಾಣುವ ಜಾಗದಲ್ಲಿ ಮೆಲ್ಲಗೆ, ಮರೆಯ ಜಾಗದಲ್ಲಿ ಟಕ್ ಅಂತ ಅಂಟಿದರೆ ಮರೆಯಲ್ಲಿ ತೆಳ್ಳಗೆ ಹೊಡೆದಿದ್ದಾರೆ. ಪೇಂಟಿನವರ ಹತ್ತಿರ ಪದರದ ದಪ್ಪ ಅಳೆಯುವ ಮೈಕ್ರಾನ್ ಮೀಟರ್ ಇದ್ದರೆ ಕೇಳಿ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು). ಬಾಡಿಯ ಪೇಂಟ್ ಎಲ್ಲಾ ಪದರ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತೆ. ಕಲ್ಲು ತಡೆಯಬೇಕಾದ ಕೋಟಿಂಗ್ ಅದಕ್ಕಿಂತ ಎಷ್ಟೋ ದಪ್ಪ ತೋರಿಸಬೇಕು. ಎಷ್ಟು ಡಬ್ಬ ಖರ್ಚಾಯಿತು, ಖಾಲಿ ಡಬ್ಬ ಎಲ್ಲಿ ಅಂತ ಕೇಳೋದರಲ್ಲೂ ತಪ್ಪಿಲ್ಲ. ಕೊಡೋದು ನಮ್ಮ ದುಡ್ಡು ತಾನೇ?

ಸೈಲೆನ್ಸರ್ ಮೇಲೆ ಕಪ್ಪು ಬಿದ್ದಿದ್ದರೆ ಮೊದಲ ಐದು ಕಿಲೋಮೀಟರಿಗೇ ವಾಸನೆ, ಹೊಗೆ. ಒಂದೆರಡು ಹನಿ ಸಿಡಿದಿದ್ದರೆ ಸುಟ್ಟು ಹೋಗುತ್ತೆ, ಜಾಸ್ತಿ ಇದ್ದರೆ ವಾಪಸ್ ಹೋಗಿ ಒರೆಸಿಸಿ. ಬ್ರೇಕ್ ಡಿಸ್ಕಿನ ಮೇಲೆ ಕಂಡರೆ ಗಾಡಿ ತೆಗೆಯಲೇಬೇಡಿ, ಅಲ್ಲೇ ಕ್ಲೀನ್ ಮಾಡಿಸಿ. ಇದರಲ್ಲಿ ಮುಲಾಜು ಬೇಡ.

ಆಮೇಲೆ

ಹೊಡೆಸೋಕೆ ಒಳ್ಳೆಯ ಕಾಲ ಮಾರ್ಚಿಯಿಂದ ಮೇ ಮೊದಲ ವಾರ. ತಗಡು ತಾನಾಗೇ ಒಣಗಿರುತ್ತೆ. ಜುಲೈನಲ್ಲಿ, ಜಿಟಿಜಿಟಿ ಮಳೆಯಲ್ಲಿ ಆಫರ್ ಕೊಡುತ್ತಾರೆ. ಆಫರ್ ಯಾಕೆ ಅಂತ ನಿಮಗೇ ಗೊತ್ತಾಗಬೇಕು.

ಎರಡು ದೊಡ್ಡ ಮಳೆ ಆದ ಮೇಲೆ ಒಮ್ಮೆ ಬಗ್ಗಿ ನೋಡಿ. ಗುಳ್ಳೆ ಎದ್ದಿದೆಯಾ, ಅಂಚಿನಲ್ಲಿ ಕಂದು ಗೆರೆ ಇಳಿದಿದೆಯಾ? ಮೊದಲ ದಿನ ತೆಗೆದ ವಿಡಿಯೋ ಇಟ್ಟುಕೊಂಡು ಅದೇ ಕೋನದಲ್ಲಿ ಇನ್ನೊಂದು ತೆಗೆದರೆ ಹೋಲಿಸೋಕೆ ಸುಲಭ. ಕಂದು ಗೆರೆ ಕಂಡ ಕಡೆ ಮೇಲೆ ಮತ್ತೊಂದು ಪದರ ಹೊಡೆಸಬೇಡಿ. ಕೆರೆಸಿ, ಉಜ್ಜಿಸಿ, ಆಮೇಲೆ ಹೊಡೆಸಿ.

ಮಾವನ ಪಿಕಪ್ಪಿಗೆ ಕೋಟಿಂಗ್ ಹೊಡೆಸೋಣ ಅಂದೆ. ತೊಟ್ಟಿ ಹೇಗೂ ಉಜ್ಜಿ ಹೋಗುತ್ತೆ, ಬೇಡ ಅಂದರು. ಅವರು ಹೇಳಿದ್ದೂ ಸರಿಯೇ. ಮೂಟೆ ಎಳೆದಾಡುವ ಜಾಗದಲ್ಲಿ ಯಾವುದೂ ನಿಲ್ಲೋದಿಲ್ಲ. ಈಗ ಗೊಬ್ಬರ ಇಳಿಸಿದ ದಿನವೇ ಪೈಪ್ ಹಿಡಿದು ತೊಟ್ಟಿ, ತೊಟ್ಟಿಯ ಅಡಿ, ಚಾಸಿಯ ಮೇಲ್ಭಾಗ ತೊಳೆಯುತ್ತಾರೆ. ನೀರು ನಿಲ್ಲದ ಹಾಗೆ ಸ್ವಲ್ಪ ಇಳಿಜಾರಿಗೆ ನಿಲ್ಲಿಸುತ್ತಾರೆ. ಚಾಸಿಗೆ ಮಾತ್ರ ವರ್ಷಕ್ಕೊಮ್ಮೆ ಎಣ್ಣೆ ಜಾತಿಯದ್ದು. ಒಟ್ಟು ಖರ್ಚು ನನ್ನ ಕಾರಿನ ರಿಪೇರಿಯ ಕಾಲು ಭಾಗವೂ ಆಗಿಲ್ಲ.

ನನ್ನ ಕಾರಿಗೆ ಎಡಗಡೆಯ ಪಟ್ಟಿ ಕತ್ತರಿಸಿ ಹೊಸ ತಗಡು ಹಾಕಿಸಿದ್ದಾಯಿತು. ಅಲ್ಲಿ ಕಲಿತ ಇನ್ನೊಂದು ವಿಷಯ ಹೇಳಿಬಿಡುತ್ತೇನೆ. ಕೋಟಿಂಗ್ ಆದ ಗಾಡಿಯನ್ನು ಯಾವತ್ತಾದರೂ ವೆಲ್ಡಿಂಗಿಗೆ ಬಿಟ್ಟರೆ ಮೊದಲೇ ಹೇಳಿ. ಡಾಂಬರು, ಮೇಣ, ಎಣ್ಣೆ ಎಲ್ಲವೂ ಬೆಂಕಿ ಹಿಡಿಯುವಂಥವೇ. ಪೆಟ್ಟಿಗೆಯ ಒಳಗೆ ಹತ್ತಿಕೊಂಡರೆ ಹೊರಗೆ ಕಾಣೋದೂ ಇಲ್ಲ. ನಮ್ಮ ಟಿಂಕರಿಂಗ್ ಮೇಸ್ತ್ರಿ ಸುತ್ತ ಒಂದು ಗೇಣು ಕೋಟಿಂಗ್ ಕೆರೆದು ತೆಗೆದು, ಸೀಟು ಮ್ಯಾಟು ಬಿಚ್ಚಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರು, ಒದ್ದೆ ಗೋಣಿಚೀಲ ಇಟ್ಟುಕೊಂಡೇ ಕಿಡಿ ಹಾರಿಸಿದ್ದು.